ಓದುತ್ತಾರೆ, ಆದರೆ ಬರೆದಿದ್ದನ್ನು ಓದುವುದಿಲ್ಲ. ತರಗತಿಯಲ್ಲಿ ನೀವು ಏನು ಮಾಡುತ್ತೀರಿ?

ಹಳೇಡಸ್ಟರ್:
ಪದವಿ ಮೊದಲ ವರ್ಷದವರಿಗೆ ಭಾಷೆ ಕಲಿಸುತ್ತೇನೆ. ಮೊನ್ನೆ ಒಂದು ಪುಟದ ಪ್ರಬಂಧ ಕೊಟ್ಟಿದ್ದೆ. ಅದರಲ್ಲಿ ಲೇಖಕರು ಹೇಳುವುದು ಇಷ್ಟು: ಈಗಿನ ಪರೀಕ್ಷೆ ಸರಿಯಿಲ್ಲ, ಬರೀ ನೆನಪಿನ ಶಕ್ತಿಯನ್ನು ಅಳೆಯುತ್ತದೆ, ಆದರೂ ಪರೀಕ್ಷೆಯೇ ಬೇಡ ಅನ್ನುವವರ ಮಾತನ್ನು ಒಪ್ಪಲು ಆಗುವುದಿಲ್ಲ, ಯಾಕೆಂದರೆ ಪರೀಕ್ಷೆ ಹೋದರೆ ಶಿಫಾರಸು ಇರುವವರೇ ಮುಂದೆ ಹೋಗುತ್ತಾರೆ. ಸಾರಾಂಶ ಬರೆಯಿರಿ ಅಂದೆ. ಮುಕ್ಕಾಲು ತರಗತಿ ಬರೆದದ್ದು 'ಪರೀಕ್ಷೆಯನ್ನು ರದ್ದು ಮಾಡಬೇಕು ಎಂದು ಲೇಖಕರು ಹೇಳುತ್ತಾರೆ' ಅಂತ. ಕೊನೆಯ ಎರಡು ಪ್ಯಾರಾ ಅವರ ಪಾಲಿಗೆ ಇಲ್ಲವೇ ಇಲ್ಲ. ಓದಿಲ್ಲ ಅಂತಲ್ಲ, ನನ್ನ ಎದುರಿಗೇ ಕೂತು ಓದಿದ್ದಾರೆ. ಅರ್ಥವಾಯಿತಾ ಅಂದಾಗ ಎಲ್ಲರೂ ತಲೆ ಆಡಿಸಿದ್ದಾರೆ.

ಸರಿ, ವಿಮರ್ಶೆ ಮಾಡಿ ಅಂದೆ. ಅರ್ಧ ಜನ 'ಲೇಖಕರು ಮನಮುಟ್ಟುವಂತೆ ಹೇಳಿದ್ದಾರೆ' ಅಂತ ಬರೆದರು, ಇನ್ನರ್ಧ ಜನ 'ಲೇಖಕರು ಪಕ್ಷಪಾತಿ' ಅಂತ. ಯಾವ ಸಾಲು ಮನ ಮುಟ್ಟಿತು, ಯಾವ ಸಾಲಿನಲ್ಲಿ ಪಕ್ಷಪಾತ ಕಾಣಿಸಿತು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಓದಿನ ಮಹತ್ವ, ಇಂದಿನ ಪೀಳಿಗೆ, ಮೊಬೈಲು ಇವೆಲ್ಲ ದಯವಿಟ್ಟು ಬೇಡ. ತರಗತಿಯಲ್ಲಿ ಕೂತು ನೀವು ನಿಜವಾಗಿ ಏನು ಮಾಡುತ್ತೀರಿ, ಅದನ್ನು ಹೇಳಿ.

ತಕರಾರು:
ದೊಡ್ಡವರೂ ಹಾಗೇ ಓದೋದು ಸರ್. ಯಾವುದಾದರೂ ಸುದ್ದಿಯ ಕೆಳಗಿನ ಕಾಮೆಂಟು ನೋಡಿ, ಶೀರ್ಷಿಕೆಗೇ ಜಗಳ ಮುಗಿದಿರುತ್ತದೆ.

ಚುಕ್ಕಿಟೀಚರ್:
ನಾನು ಚಿಕ್ಕ ಮಕ್ಕಳಿಗೆ ಕಲಿಸುವವಳು. ಆದರೆ ನಿಮ್ಮ ತೊಂದರೆ ಚಿಕ್ಕವರಲ್ಲೂ ಇದೇ ರೂಪದಲ್ಲಿ ಇದೆ. ಎಲೆನ್ ಮಾರ್ಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞೆ 1979ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳಿಗೆ ಮೀನುಗಳ ಬಗ್ಗೆ ಒಂದು ಪ್ಯಾರಾ ಓದಿ ಹೇಳುತ್ತಿದ್ದರು. ಸಮುದ್ರದ ತಳದಲ್ಲಿ ಬೆಳಕೇ ಇಲ್ಲ, ಅಲ್ಲಿ ಮೀನಿಗೆ ಬಣ್ಣ ಕೂಡ ಕಾಣಿಸುವುದಿಲ್ಲ ಅಂತ ಒಂದು ಕಡೆ ಬರುತ್ತದೆ. ಸ್ವಲ್ಪ ಮುಂದೆ, ತಳದಲ್ಲಿರುವ ಕೆಲವು ಮೀನುಗಳು ಬಣ್ಣ ನೋಡಿಯೇ ತಮ್ಮ ಆಹಾರವನ್ನು ಗುರುತಿಸುತ್ತವೆ ಅಂತ ಬರುತ್ತದೆ. ಈ ಪ್ಯಾರಾ ಸರಿಯಾಗಿ ಅರ್ಥವಾಗುವ ಹಾಗಿದೆಯಾ, ಏನಾದರೂ ಸರಿಮಾಡಬೇಕಾ ಅಂತ ಕೇಳಿದರೆ, ಎಷ್ಟೋ ಮಕ್ಕಳಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಒಂದೊಂದು ವಾಕ್ಯ ಬೇರೆ ಬೇರೆಯಾಗಿ ಅರ್ಥವಾಗಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಲ್ಲ, ಅಷ್ಟೇ.

ಹಾಗಾಗಿ 'ಅರ್ಥವಾಯಿತಾ' ಅನ್ನುವ ಪ್ರಶ್ನೆಯನ್ನೇ ನಾನು ಕೈಬಿಟ್ಟಿದ್ದೇನೆ. ಅರ್ಥವಾಗಿಲ್ಲ ಅನ್ನುವುದು ಗೊತ್ತಾಗಬೇಕಾದರೂ ಒಂದಿಷ್ಟು ಅರ್ಥವಾಗಿರಬೇಕಲ್ಲ. ಅದರ ಬದಲು ನಾನೇ ಒಂದು ಪ್ಯಾರಾ ಬರೆದು, ಅದರಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ವಾಕ್ಯ ಸೇರಿಸುತ್ತೇನೆ. ಒಂದಿದೆ ಅಂತ ಮೊದಲೇ ಹೇಳುತ್ತೇನೆ. ಹುಡುಕುವಾಗ ಮಕ್ಕಳ ಬೆರಳು ಮೊದಲ ಸಲ ಹಿಂದಿನ ಸಾಲಿಗೆ ವಾಪಸ್ ಹೋಗುತ್ತದೆ. ನನಗೆ ಬೇಕಾದದ್ದು ಆ ವಾಪಸ್ ಹೋಗುವುದು.

ತಕರಾರು:
ಚೆನ್ನಾಗಿದೆ ಟೀಚರ್, ಆದರೆ ಆಮೇಲೆ ಪ್ರತಿ ಪುಟದಲ್ಲೂ ಮೋಸ ಹುಡುಕಿಕೊಂಡು ಕೂರುವುದಿಲ್ಲವಾ? ಮೇಷ್ಟ್ರು ಹೇಳಿದ 'ಪಕ್ಷಪಾತಿ' ಗುಂಪು ಹುಟ್ಟಿದ್ದೇ ಹೀಗೆ ಅಂತ ನನ್ನ ಗುಮಾನಿ. ವಿಮರ್ಶೆ ಅಂದರೆ ತಪ್ಪು ಹಿಡಿಯೋದು ಅಂತ ಯಾರೋ ಹೇಳಿಕೊಟ್ಟಿದ್ದಾರೆ.

ಚುಕ್ಕಿಟೀಚರ್:
ಹೌದು, ಅದು ಆಗುತ್ತದೆ. ಅದಕ್ಕೇ ಕೆಲವು ಸಲ ತಪ್ಪೇ ಇಲ್ಲದ ಪ್ಯಾರಾ ಕೊಟ್ಟು 'ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು' ಅನ್ನುತ್ತೇನೆ. ಆ ದಿನ ಗಲಾಟೆ ಜಾಸ್ತಿ.

ಅರ್ಧವಿರಾಮ:
ನಾನು ಟೀಚರ್ ಅಲ್ಲ. ಕರಡು ತಿದ್ದುವವಳು. ದಿನವಿಡೀ ಬೇರೆಯವರ ವಾಕ್ಯ ನೋಡುವುದೇ ಕೆಲಸ. ಈಗ ವಾರಕ್ಕೊಮ್ಮೆ ಕೆಲವು ಹುಡುಗರಿಗೆ ಓದಲು ಹೇಳಿಕೊಡುತ್ತೇನೆ, ಅದರ ಆಧಾರದ ಮೇಲೆ ಹೇಳುತ್ತಿದ್ದೇನೆ.

'ಗಮನವಿಟ್ಟು ಓದಿ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಮನ ಎಲ್ಲಿಡಬೇಕು ಅಂತ ಹೇಳಬೇಕು. ನಾನು ಶುರು ಮಾಡುವುದು ಕ್ರಿಯಾಪದದಿಂದ. ಒಬ್ಬ ಅಧಿಕಾರಿಯ ಒಂದೇ ಮಾತನ್ನು ನಾಲ್ಕು ಥರ ಬರೆದು ಬೋರ್ಡಿನ ಮೇಲೆ ಹಾಕುತ್ತೇನೆ:

ಹಣ ಖರ್ಚಾಗಿದೆ ಎಂದು ಅವರು ಹೇಳಿದರು.
ಹಣ ಖರ್ಚಾಗಿದೆ ಎಂದು ಅವರು ಒಪ್ಪಿಕೊಂಡರು.
ಹಣ ಖರ್ಚಾಗಿದೆ ಎಂದು ಅವರು ಸಮರ್ಥಿಸಿಕೊಂಡರು.
ಹಣ ಖರ್ಚಾಗಿದೆ ಎಂದು ಅವರು ಬಾಯಿಬಿಟ್ಟರು.

ಆತ ಆಡಿದ ಮಾತು ನಾಲ್ಕರಲ್ಲೂ ಒಂದೇ. ಬದಲಾದದ್ದು ವರದಿಗಾರನ ಒಂದು ಪದ. ಎರಡನೆಯದರಲ್ಲಿ ತಪ್ಪು ನಡೆದಿದೆ ಅಂತ ನಾವು ಆಗಲೇ ನಂಬಿಬಿಟ್ಟಿರುತ್ತೇವೆ, ನಾಲ್ಕನೆಯದರಲ್ಲಿ ಆತ ಕಳ್ಳನೇ. ಹುಡುಗರು ಇದನ್ನು ತಾವೇ ಕಂಡುಹಿಡಿಯುತ್ತಾರೆ, ನಾನು ಬಾಯಿ ತೆರೆಯಬೇಕಾಗಿಲ್ಲ. ಮುಂದಿನ ವಾರ ಬರುವಾಗ ಅವರೇ ಸುದ್ದಿಗಳನ್ನು ಹೊತ್ತು ತರುತ್ತಾರೆ.

ಎರಡನೆಯದು, ಕರ್ತೃ ಇಲ್ಲದ ವಾಕ್ಯ. 'ಕಡತಗಳು ಕಳೆದುಹೋಗಿವೆ', 'ತೀರ್ಮಾನ ಕೈಗೊಳ್ಳಲಾಗಿದೆ', 'ವಿಳಂಬ ಉಂಟಾಗಿದೆ'. ಯಾರು ಕಳೆದರು? ಯಾರು ಕೈಗೊಂಡರು? ಕೆಲವು ಕಡೆ ಕರ್ತೃವನ್ನು ಬಿಟ್ಟಿರುವುದು ಸಹಜವೇ, ಮಳೆಗೆ ಕರ್ತೃ ಹುಡುಕಿಕೊಂಡು ಹೋಗಬೇಕಿಲ್ಲ. ಎಲ್ಲಿ ಬಿಟ್ಟದ್ದರಿಂದ ಯಾರಿಗೋ ಅನುಕೂಲವಾಗಿದೆ ಅಂತ ಗುರುತಿಸುವುದೇ ವ್ಯಾಯಾಮ.

ಮೂರನೆಯದು 'ಊ', 'ಏ', 'ಮಾತ್ರ', 'ಆದರೂ', 'ಸಹಜವಾಗಿಯೇ' ಇಂಥ ಪುಟ್ಟ ಪುಟ್ಟ ಮಾಲು. ಮೇಷ್ಟ್ರೇ, ನಿಮ್ಮ ಪ್ರಬಂಧದಲ್ಲಿ ವಾದ ತಿರುಗಿದ್ದು ಒಂದು 'ಆದರೂ' ಹತ್ತಿರ. ನಿಮ್ಮ ಮಕ್ಕಳು ಅಲ್ಲಿ ಬ್ರೇಕ್ ಹಾಕದೆ ನೇರ ಹೋಗಿದ್ದಾರೆ. ಪುಟದಲ್ಲಿರುವ 'ಆದರೆ', 'ಆದರೂ', 'ಹಾಗಾಗಿ', 'ಯಾಕೆಂದರೆ' ಇಷ್ಟಕ್ಕೆ ಮಾತ್ರ ಸುತ್ತು ಹಾಕಿ, ಬೇರೆ ಏನನ್ನೂ ಮುಟ್ಟಬೇಡಿ ಅಂತ ಹೇಳಿ ನೋಡಿ. ವಾದದ ಎಲುಬು ಎದ್ದು ಕಾಣುತ್ತದೆ.

ಹಳೇಡಸ್ಟರ್:
ಅರ್ಧವಿರಾಮ ಅವರೇ, ನನಗೆ ಬೇಕಾಗಿದ್ದದ್ದು ಇಂಥದ್ದೇ. ನಾಳೆಯೇ ಮಾಡುತ್ತೇನೆ.

ಸುಮ್ನೆಓದುಗ:
ಕ್ಷಮಿಸಿ, ನನ್ನದು ಅಪಸ್ವರ. ಹೀಗೆ ಸುತ್ತು ಹಾಕಿ, ಗೀಟು ಎಳೆದು, ಪದ ಪದ ಬಿಡಿಸಿ ಓದಿಸಿದರೆ ಓದುವ ಖುಷಿಯೇ ಹೋಗುತ್ತದೆ. ನಾನು ಸಾಹಿತ್ಯ ಓದಲು ಶುರು ಮಾಡಿದ್ದು ಯಾರೂ ಪ್ರಶ್ನೆ ಕೇಳದ ಕಾರಣಕ್ಕೆ. ಕವಿತೆಯನ್ನು ಮೇಜಿನ ಮೇಲೆ ಮಲಗಿಸಿ ಕೊಯ್ಯುವ ತರಗತಿಯಿಂದ ಹೊರಬಂದ ಎಷ್ಟು ಜನ ಮತ್ತೆ ಕವಿತೆ ಓದಿದ್ದಾರೆ ಹೇಳಿ. ಮೊದಲು ಇಷ್ಟವಾಗಲಿ. ಇಷ್ಟವಾದರೆ ಅವರೇ ಹತ್ತಿರ ಹೋಗುತ್ತಾರೆ.

ಅರ್ಧವಿರಾಮ:
ನಾನು ಹೇಳಿದ್ದು ಅಧಿಕಾರಿಯ ಹೇಳಿಕೆ ಬಗ್ಗೆ, ಕವಿತೆ ಬಗ್ಗೆ ಅಲ್ಲ!

ಸುಮ್ನೆಓದುಗ:
ಇವತ್ತು ಅಧಿಕಾರಿಯ ಹೇಳಿಕೆ, ನಾಳೆ ಕವಿತೆ. ಈ ಮೇಷ್ಟ್ರುಗಳ ಕೈಗೆ ಸಿಕ್ಕಿದರೆ ಯಾವುದನ್ನೂ ಬಿಡುವುದಿಲ್ಲ 😄

ಕಾಲಯಾತ್ರಿ:
ಸುಮ್ನೆಓದುಗರೇ, ನಿಮ್ಮ ಮಾತಲ್ಲಿ ಸತ್ಯವಿದೆ. ಆದರೆ ಇಷ್ಟ ಅನ್ನುವುದು ಎಷ್ಟು ಸಲ ಕವಿತೆಯಿಂದಲೇ ಹುಟ್ಟುತ್ತದೆ ಅಂತ ನೋಡಬೇಕು. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಇಲ್ಲದ ಕವಿತೆಗಳನ್ನು ಕೊಟ್ಟು, ಅನ್ನಿಸಿದ್ದನ್ನು ಬರೆದುಕೊಂಡು ಬನ್ನಿ ಅಂದರು. ಅದರ ಫಲವನ್ನು 1929ರಲ್ಲಿ ಪುಸ್ತಕವಾಗಿ ತಂದರು. ಹೆಸರು ಮರೆಯಾದ ಕೂಡಲೇ ವಿದ್ಯಾರ್ಥಿಗಳು ದೊಡ್ಡ ಕವಿಗಳ ಕವಿತೆಯನ್ನು ತಳ್ಳಿಹಾಕಿದರು, ಸಾಧಾರಣ ಪದ್ಯವನ್ನು ಹೊಗಳಿದರು. ಅದೂ ಹೋಗಲಿ, ರುಚಿ ಅವರವರದು. ರಿಚರ್ಡ್ಸ್ ಅವರನ್ನು ಬೆಚ್ಚಿಬೀಳಿಸಿದ್ದು ಬೇರೆ: ಎಷ್ಟೋ ಜನರಿಗೆ ಕವಿತೆಯ ಮೇಲ್ನೋಟದ ಅರ್ಥವೇ, ಅಂದರೆ ಸುಮ್ನೆ ಅದು ಏನು ಹೇಳುತ್ತಿದೆ ಅನ್ನುವುದೇ ಹತ್ತಿರಲಿಲ್ಲ. ತಾಯಿ ಅಂತ ಪದ ಬಂದ ಕೂಡಲೇ ಕಣ್ಣು ತುಂಬುವ, ಸಾವು ಅಂತ ಬಂದ ಕೂಡಲೇ ಗಂಭೀರವಾಗುವ ಸಿದ್ಧ ಪ್ರತಿಕ್ರಿಯೆಗಳ ಬಗ್ಗೆಯೂ ಅವರು ಬರೆದಿದ್ದಾರೆ.

ಇವರೆಲ್ಲ ಆಯ್ದ ವಿಶ್ವವಿದ್ಯಾಲಯದವರು, ಮೊಬೈಲ್ ಇಲ್ಲದ ಕಾಲದವರು. ಆದ್ದರಿಂದ ಮೇಷ್ಟ್ರೇ, ನಿಮ್ಮ ಮಕ್ಕಳನ್ನು ಜಾಸ್ತಿ ಬೈಯಬೇಡಿ.

ನನ್ನ ವಿಷಯ ಇತಿಹಾಸ. ನಮ್ಮಲ್ಲಿ ಹತ್ತಿರದ ಓದು (ಒಂದೊಂದು ಪದವನ್ನೂ ಗಮನಿಸಿ ಓದುವುದು) ಅಂದರೆ ಮೊದಲು 'ಯಾರು, ಯಾವಾಗ, ಯಾರಿಗಾಗಿ'. ಶಿಕ್ಷಣ ಸಂಶೋಧಕ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಇತಿಹಾಸಕಾರರಿಗೂ ಹೈಸ್ಕೂಲು ವಿದ್ಯಾರ್ಥಿಗಳಿಗೂ ಒಂದೇ ಹಳೆಯ ದಾಖಲೆಗಳನ್ನು ಕೊಟ್ಟು, ಯೋಚಿಸುವುದನ್ನು ಗಟ್ಟಿಯಾಗಿ ಹೇಳುತ್ತಾ ಓದಿ ಅಂದರು. ಇತಿಹಾಸಕಾರರು ಮೊದಲು ಕೆಳಗಿನ ಹೆಸರು, ದಿನಾಂಕ ನೋಡಿ ಆಮೇಲೆ ಮೇಲಿನಿಂದ ಓದುತ್ತಿದ್ದರು. ವಿದ್ಯಾರ್ಥಿಗಳು ಮೊದಲ ಪದದಿಂದ ಶುರು ಮಾಡಿ ಕೊನೆಯ ಪದಕ್ಕೆ ಮುಗಿಸುತ್ತಿದ್ದರು. ಅವರಿಗೆ ಎಲ್ಲ ದಾಖಲೆಯೂ ಪಠ್ಯಪುಸ್ತಕವೇ.

ನನ್ನ ತರಗತಿಯಲ್ಲಿ ಚೆನ್ನಾಗಿ ಹಿಡಿಯುವ ಕಥೆ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾನದು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದಲ್ಲಿ ಪಶ್ಚಿಮ ಸಾಮ್ರಾಜ್ಯದ ಮೇಲಿನ ಅಧಿಕಾರವನ್ನು ಪೋಪ್‌ಗೆ ಬಿಟ್ಟುಕೊಟ್ಟ ಅನ್ನುವ ಒಂದು ದಾನಪತ್ರ ಇತ್ತು. ನೂರಾರು ವರ್ಷ ಅದು ಚಲಾವಣೆಯಲ್ಲಿತ್ತು. 1440ರಲ್ಲಿ ವಲ್ಲಾ ಕೂತು ಅದರ ಲ್ಯಾಟಿನ್ ಓದಿದ. ಆ ಕಾಲದ ರೋಮ್‌ನಲ್ಲಿ ಅಧಿಕಾರಿಗಳಿಗೆ ಹಾಗೆ ಬಳಸದಿದ್ದ 'ಸತ್ರಪ' (ಪರ್ಷಿಯಾದ ಪ್ರಾಂತ್ಯಾಧಿಕಾರಿ) ಅನ್ನುವ ಪದವಿ ಅಲ್ಲಿ ಬಂದಿತ್ತು. ಭಾಷೆಯೂ ಆ ಕಾಲದ್ದಲ್ಲ. ಪತ್ರ ನಕಲಿ ಅಂತ ಬರೆದ. ಕತ್ತಿ ಇಲ್ಲ, ಸೇನೆ ಇಲ್ಲ, ಪುಟವನ್ನು ಸರಿಯಾಗಿ ಓದಿದ ಅಷ್ಟೇ. ಈ ಕಥೆ ಹೇಳಿದ ಮೇಲೆ 'ಪದಕ್ಕೆ ಯಾಕೆ ಸುತ್ತು ಹಾಕಬೇಕು' ಅಂತ ಯಾರೂ ಕೇಳಿಲ್ಲ.

ಸುಮ್ನೆಓದುಗ:
ವಲ್ಲಾನ ಕಥೆ ಭರ್ಜರಿ. ಆದರೂ ಕವಿತೆ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ.

ತಕರಾರು:
ನನ್ನ ಹೆಸರು ಯಾಕೆ ಎಳೆಯುತ್ತೀರಿ.

ಪ್ರಯೋಗಶಾಲೆ:
ವಿಜ್ಞಾನ ಕಲಿಸುತ್ತೇನೆ. ಎಲ್ಲರೂ ಇದನ್ನು ಒಂದು ಕೌಶಲ, ಒಮ್ಮೆ ಕಲಿತರೆ ಎಲ್ಲ ಪುಟಕ್ಕೂ ಹಚ್ಚಬಹುದು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಅದು ಅಷ್ಟು ಸಲೀಸಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವವರು 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ಅದನ್ನು ನೆನಪಿಟ್ಟು ಹೇಳಿದರು. ವಿಷಯ ಗೊತ್ತಿದ್ದವನಿಗೆ ಪುಟದಲ್ಲಿ ಇಲ್ಲದ್ದೂ ಕಾಣುತ್ತದೆ. ಗೊತ್ತಿಲ್ಲದವನು ಎಷ್ಟು ಸುತ್ತು ಹಾಕಿದರೂ ಅಷ್ಟೇ.

ವಲ್ಲಾನಿಗೆ ಲ್ಯಾಟಿನ್ ಚರಿತ್ರೆ ಅಂಗೈಯಲ್ಲಿತ್ತು. ಅದಿಲ್ಲದೆ ಬರೀ ಗಮನವಿಟ್ಟು ಓದಿದ್ದರೆ 'ಸತ್ರಪ' ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಾಲಯಾತ್ರಿ ಅವರ ಉದಾಹರಣೆಯೇ ನನ್ನ ಪರ ಸಾಕ್ಷಿ.

ಕಾಲಯಾತ್ರಿ:
ಗೊತ್ತಿದ್ದವರು ಅವನ ಹಿಂದೆಯೂ ಬಹಳ ಜನ ಇದ್ದರಲ್ಲ ಸರ್. ಲ್ಯಾಟಿನ್ ಬಲ್ಲ ಪಂಡಿತರಿಗೇನು ಆ ಕಾಲದಲ್ಲಿ ಬರವೇ? ಗೊತ್ತಿದ್ದರೆ ಸಾಲದು, ಅನುಮಾನ ಪಡುವ ಅಭ್ಯಾಸವೂ ಬೇಕು.

ಪ್ರಯೋಗಶಾಲೆ:
ಒಪ್ಪಿದೆ, ಎರಡೂ ಬೇಕು. ಆದರೆ ಪಾಠದ ಕ್ರಮದಲ್ಲಿ ತಿಳಿವಳಿಕೆ ಮೊದಲು. ಲಸಿಕೆ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದ ಹುಡುಗನಿಗೆ ಲಸಿಕೆಯ ಬಗ್ಗೆ ಒಂದು ಲೇಖನ ಕೊಟ್ಟು 'ವಿಮರ್ಶಾತ್ಮಕವಾಗಿ ಓದು' ಅಂದರೆ ಅವನು ಏನು ಮಾಡಬೇಕು? ಲೇಖಕನ ಧಾಟಿ ನೋಡಿ ತೀರ್ಪು ಕೊಡುತ್ತಾನೆ. ಧೈರ್ಯವಾಗಿ ಬರೆದವನು ಗೆಲ್ಲುತ್ತಾನೆ.

ಬ್ಯಾಕ್‌ಬೆಂಚ್:
ನಾನು ವಿದ್ಯಾರ್ಥಿ. ಎಲ್ಲರೂ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ಅದಕ್ಕೆ ಬಂದೆ.

ಸರ್, ಮೇಡಂ, ನಾವು ಹೀಗೆ ಓದಿದರೆ ಮಾರ್ಕ್ಸ್ ಬರುವುದಿಲ್ಲ. 'ಲೇಖಕರ ಆಶಯವೇನು' ಅನ್ನುವ ಪ್ರಶ್ನೆಗೆ ಮಾದರಿ ಉತ್ತರದಲ್ಲಿ ನಾಲ್ಕು ಅಂಶ ಇರುತ್ತದೆ. ನಾನು ಐದನೆಯದು ಕಂಡುಹಿಡಿದರೆ ಅದಕ್ಕೆ ಸೊನ್ನೆ. ಆ ನಾಲ್ಕು ಅಂಶ ಗೈಡಿನಲ್ಲಿ ಸಿಗುತ್ತದೆ, ಪಾಠ ಓದದೆಯೂ ಬರೆಯಬಹುದು. ಒಮ್ಮೆ ನಾನು ಕಥೆಯ ನಾಯಕ ಮಾಡಿದ್ದು ಸರಿಯಲ್ಲ ಅಂತ ಕಾರಣ ಕೊಟ್ಟು, ಕಥೆಯದ್ದೇ ಎರಡು ಸಾಲು ಉದಾಹರಿಸಿ ಬರೆದಿದ್ದೆ. ಕೆಂಪು ಶಾಯಿಯಲ್ಲಿ 'ಪಠ್ಯಕ್ಕೆ ಹೊರತಾದದ್ದು' ಅಂತ ಬಂತು. ಪಠ್ಯದಿಂದಲೇ ತೆಗೆದ ಸಾಲು ಪಠ್ಯಕ್ಕೆ ಹೊರತು ಹೇಗಾಗುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ. ಹಳೇಡಸ್ಟರ್ ಸರ್, ನಿಮ್ಮ ತರಗತಿಯವರಿಗೆ ಓದಲು ಬರುವುದಿಲ್ಲ ಅಂತ ನನಗೆ ಅನ್ನಿಸುತ್ತಿಲ್ಲ. ಹನ್ನೆರಡು ವರ್ಷದ ಶಾಲೆಯಲ್ಲಿ ಯಾವುದಕ್ಕೆ ಅಂಕ ಸಿಗುತ್ತದೆ ಅನ್ನುವುದನ್ನು ಅವರು ಬಹಳ ಚೆನ್ನಾಗಿ ಓದಿಕೊಂಡಿದ್ದಾರೆ.

ಚುಕ್ಕಿಟೀಚರ್:
ಅಯ್ಯೋ, ಈ ಹುಡುಗ ಎಲ್ಲರ ಬಾಯಿ ಮುಚ್ಚಿಸಿದ.

ಬ್ಯಾಕ್‌ಬೆಂಚ್:
ಹುಡುಗಿ, ಟೀಚರ್ 🙂

ತಕರಾರು:
ನೋಡಿದಿರಾ! ಹತ್ತಿರದ ಓದಿನ ಚರ್ಚೆಯಲ್ಲಿ ಇಲ್ಲದ್ದನ್ನು ಓದಿಕೊಂಡವರು ಯಾರು?

ಹಳೇಡಸ್ಟರ್:
ಬ್ಯಾಕ್‌ಬೆಂಚ್, ನಿಮ್ಮ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ. ಆಂತರಿಕ ಅಂಕ ನನ್ನ ಕೈಯಲ್ಲಿದೆ. ಅಲ್ಲಿ ಒಂದು ನಿಯಮ ಇಡಬಹುದು: ಯಾವ ಅಭಿಪ್ರಾಯಕ್ಕೂ ಅಂಕ ಇಲ್ಲ, ಅಭಿಪ್ರಾಯದ ಪಕ್ಕ ಆಧಾರದ ಸಾಲು ಬರೆದರೆ ಅದಕ್ಕೆ ಅಂಕ. ನನ್ನ ಅಭಿಪ್ರಾಯಕ್ಕೆ ವಿರುದ್ಧ ಬರೆದರೂ ಸರಿ.

ಬ್ಯಾಕ್‌ಬೆಂಚ್:
ಅಷ್ಟು ಮಾಡಿದರೂ ಸಾಕು ಸರ್.

ಮಾರ್ಜಿನ್:
ಯಾರೂ ಹೈಲೈಟರ್ ವಿಷಯ ಎತ್ತಲಿಲ್ಲವಲ್ಲ. ನಮ್ಮ ಮಕ್ಕಳ ಪುಸ್ತಕ ತೆರೆದರೆ ಪುಟಪೂರ್ತಿ ಹಳದಿ. ಬಿಟ್ಟ ಸಾಲು ಯಾವುದು ಅಂತ ಹುಡುಕುವುದೇ ಸುಲಭ.

ಪ್ರಯೋಗಶಾಲೆ:
ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದುವ ಹತ್ತು ವಿಧಾನಗಳ ಬಗ್ಗೆ ಅದುವರೆಗಿನ ಸಂಶೋಧನೆ ಒಟ್ಟು ಹಾಕಿ ನೋಡಿದರು. ಗೀಟು ಹಾಕುವುದು, ಬಣ್ಣ ಬಳಿಯುವುದು, ಸುಮ್ನೆ ಮತ್ತೆ ಮತ್ತೆ ಓದುವುದು ಎಲ್ಲ ಕೆಳಗಿನ ದರ್ಜೆಗೆ ಹೋದವು. ಪುಸ್ತಕ ಮುಚ್ಚಿ ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ನಡುವೆ ಹಂಚುವುದು ಮೇಲಿನ ದರ್ಜೆಗೆ. ಸಾರಾಂಶ ಬರೆಯುವುದಕ್ಕೂ ಕೆಳಗಿನ ದರ್ಜೆಯೇ ಸಿಕ್ಕಿತು. ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು.

ಅರ್ಧವಿರಾಮ:
ಸಾರಾಂಶಕ್ಕೆ ಕೆಳದರ್ಜೆ ಸಿಕ್ಕಿದ್ದರ ಕಾರಣವನ್ನೂ ಹೇಳಿ ಸರ್. ಚೆನ್ನಾಗಿ ಬರೆಯಲು ಬಂದವರಿಗೆ ಅದು ಉಪಯೋಗಕ್ಕೆ ಬರುತ್ತದೆ, ಬಹಳ ವಿದ್ಯಾರ್ಥಿಗಳಿಗೆ ಮೊದಲು ತರಬೇತಿ ಬೇಕು ಅಂತಲೇ ಅಲ್ಲಿರುವುದು. ಸಾರಾಂಶ ಬೇಡ ಅಂತಲ್ಲ. ಸಾರಾಂಶ ಬರೆ ಅಂತ ಆಜ್ಞೆ ಮಾಡಿದರೆ ಸಾಲದು, ಕಲಿಸಬೇಕು ಅಂತ. ಅಲ್ವಾ?

ಪ್ರಯೋಗಶಾಲೆ:
ಸರಿ ಸರಿ. ಕರಡು ತಿದ್ದುವವರ ಎದುರು ಅರ್ಧ ಮಾತು ನಡೆಯುವುದಿಲ್ಲ.

ಮಾರ್ಜಿನ್:
ಬಣ್ಣದ ಬದಲು ನಾನು ಮಾಡಿಸುವುದು ಮಾರ್ಜಿನ್ನಿನಲ್ಲಿ ಬರೆಯುವುದು. ಪ್ರತಿ ಪ್ಯಾರಾ ಪಕ್ಕ ಎರಡು ಪುಟ್ಟ ಮಾತು. ಒಂದು, ಏನು ಹೇಳುತ್ತಿದೆ. ಇನ್ನೊಂದು, ಏನು ಮಾಡುತ್ತಿದೆ. 'ಪರೀಕ್ಷೆ ನೆನಪನ್ನಷ್ಟೇ ಅಳೆಯುತ್ತದೆ' ಅನ್ನುವುದು ಹೇಳಿದ್ದು. 'ಎದುರಾಳಿಯ ವಾದವನ್ನು ಮೊದಲು ಒಪ್ಪಿಕೊಳ್ಳುತ್ತಿದೆ' ಅನ್ನುವುದು ಮಾಡಿದ್ದು. ಎರಡನೆಯದನ್ನು ಬರೆಯಲು ಆರಂಭದಲ್ಲಿ ಯಾರಿಗೂ ಆಗುವುದಿಲ್ಲ, ಉದಾಹರಣೆ ಕೊಡುತ್ತಿದೆ, ಹೆದರಿಸುತ್ತಿದೆ, ವಿಷಯ ಬದಲಿಸುತ್ತಿದೆ ಅಂತೆಲ್ಲ ನಾನೇ ಒಂದು ಪಟ್ಟಿ ಕೊಡುತ್ತೇನೆ, ಸ್ವಲ್ಪ ಸಮಯದ ಮೇಲೆ ಪಟ್ಟಿಯಲ್ಲಿ ಇಲ್ಲದ್ದನ್ನು ಅವರೇ ಸೇರಿಸಲು ಶುರು ಮಾಡುತ್ತಾರೆ. ಜೆರಾಕ್ಸ್ ಮಾಡುವಾಗ ಬಲಗಡೆ ಅಗಲವಾಗಿ ಜಾಗ ಬಿಡಿ. ಸಣ್ಣ ವಿಷಯ ಅನ್ನಿಸಬಹುದು, ಜಾಗ ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಚುಕ್ಕಿಟೀಚರ್:
ಇದರ ಜೊತೆ ಗುಂಪಿನಲ್ಲಿ ಸರದಿ ಮೇಲೆ ಟೀಚರ್ ಆಗುವುದನ್ನೂ ಮಾಡಿಸಬಹುದು. ಪಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಬರೆದದ್ದು. ಒಂದು ತುಣುಕು ಓದಿದ ಮೇಲೆ ಪ್ರಶ್ನೆ ಕೇಳುವುದು, ಸಾರಾಂಶ ಹೇಳುವುದು, ಗೊಂದಲ ಇರುವುದನ್ನು ಬಿಡಿಸುವುದು, ಮುಂದೇನು ಬರಬಹುದು ಅಂತ ಊಹಿಸುವುದು. ಮೊದಲು ನಾವು ಮಾಡಿ ತೋರಿಸಬೇಕು, ಆಮೇಲೆ ಒಬ್ಬೊಬ್ಬರಾಗಿ ಅವರು. ನಮ್ಮಲ್ಲಿ ಜಾಸ್ತಿ ಕೆಲಸ ಮಾಡುವುದು ಊಹಿಸುವುದು. ಊಹೆ ಸುಳ್ಳಾದಾಗ 'ಎಲ್ಲಿ ದಾರಿ ತಪ್ಪಿದೆ' ಅಂತ ಅವರೇ ಹಿಂದಕ್ಕೆ ಹೋಗುತ್ತಾರೆ.

ಪುಸ್ತಕದಕಪಾಟು:
ನಾನು ಗ್ರಂಥಾಲಯದವನು. ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಎಲ್ಲವನ್ನೂ ಹತ್ತಿರದಿಂದ ಓದಬೇಕಾಗಿಲ್ಲ. ಕೆಲವು ಪುಟಗಳ ವಿಷಯದಲ್ಲಿ ಅದು ಅಪಾಯವೇ.

ವೈನ್‌ಬರ್ಗ್ ಹೆಸರು ಮೇಲೆ ಬಂತು. ಅವರೇ ಸಾರಾ ಮೆಕ್‌ಗ್ರೂ ಜೊತೆ 2017ರಲ್ಲಿ ಇನ್ನೊಂದು ಅಧ್ಯಯನ ಹೊರತಂದರು. 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, ಸ್ಟಾನ್‌ಫರ್ಡ್‌ನ 25 ವಿದ್ಯಾರ್ಥಿಗಳು. ಎಲ್ಲರಿಗೂ ಜಾಲತಾಣಗಳನ್ನು ತೋರಿಸಿ ಇವು ನಂಬಿಕೆಗೆ ಅರ್ಹವಾ ಅಂತ ಕೇಳಿದರು. ಇತಿಹಾಸಕಾರರಲ್ಲೂ ವಿದ್ಯಾರ್ಥಿಗಳಲ್ಲೂ ಬಹಳ ಜನ ಆ ಪುಟದಲ್ಲೇ ಕೂತು ಮೇಲಿಂದ ಕೆಳಗೆ ಓದಿದರು. ಚೆಂದದ ಲೋಗೋ, ಶಿಸ್ತಿನ ಭಾಷೆ ನೋಡಿ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಒಂದು ಕಣ್ಣು ಹಾಯಿಸಿ ಪುಟ ಬಿಟ್ಟು ಹೊರಟರು. ಬೇರೆ ಟ್ಯಾಬ್ ತೆರೆದು, ಈ ಸಂಸ್ಥೆ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಕಡಿಮೆ ಓದಿ ಬೇಗ ಸರಿಯುತ್ತರ ಕೊಟ್ಟರು. ಸುಳ್ಳು ಹೇಳುವವನನ್ನೇ ಕೂರಿಸಿಕೊಂಡು ಅವನ ಬಗ್ಗೆ ವಿಚಾರಿಸಿದರೆ ಏನು ಗೊತ್ತಾಗುತ್ತದೆ?

ಮಕ್ಕಳಿಗೆ ನಾನು ತೋರಿಸುವುದು ಮರದ ಮೇಲೆ ವಾಸಿಸುವ ಆಕ್ಟೋಪಸ್‌ನ ಪುಟ. 1998ರಿಂದ ಇದೆ, ತಮಾಷೆಗೆ ಮಾಡಿದ್ದು. ಎಷ್ಟು ಹತ್ತಿರದಿಂದ ಓದಿದರೂ ಒಳಗಡೆ ಎಲ್ಲವೂ ಒಪ್ಪವಾಗಿದೆ. ಹೊರಗೆ ಬಂದು ಹುಡುಕಿದರೆ ಕ್ಷಣದಲ್ಲಿ ಬಯಲು.

ಕಾಲಯಾತ್ರಿ:
ಇದು ಮುಖ್ಯವಾದ ಮಾತು. ಯಾವುದನ್ನು ಹತ್ತಿರದಿಂದ ಓದಬೇಕು ಅಂತ ತೀರ್ಮಾನಿಸುವುದೂ ಓದೇ.

ಮಾರ್ಜಿನ್:
ಈಗ ಇನ್ನೊಂದು ಶುರುವಾಗಿದೆ. ಎಐಗೆ ಹೇಳಿ ಸಾರಾಂಶ ತೆಗೆಸಿಕೊಂಡು ಬರುತ್ತಾರೆ. ಬೈದು ಪ್ರಯೋಜನವಿಲ್ಲ. ಆ ಸಾರಾಂಶವನ್ನೇ ಬೋರ್ಡಿಗೆ ಹಾಕಿ, ಮೂಲದಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನು, ಮೂಲದಲ್ಲಿ 'ಇರಬಹುದು' ಅಂತಿದ್ದದ್ದು ಇಲ್ಲಿ 'ಇದೆ' ಆಗಿದೆಯಾ ಅಂತ ಹುಡುಕಿಸುತ್ತೇನೆ. ಹುಡುಕಬೇಕಾದರೆ ಮೂಲ ಓದಲೇಬೇಕಲ್ಲ.

ಹಳೇಡಸ್ಟರ್:
ಈ 'ಇರಬಹುದು' ವಿಷಯ ನನಗೆ ಹಿಡಿಸಿತು. ಯಾರಾದರೂ ಒಂದು ಪುಟ್ಟ ಪ್ಯಾರಾ ಕೊಡುತ್ತೀರಾ? ಇಲ್ಲೇ ಎಲ್ಲರೂ ಸೇರಿ ಓದೋಣ. ನಾಳೆ ತರಗತಿಗೆ ಅದನ್ನೇ ಒಯ್ಯುತ್ತೇನೆ.

ಅರ್ಧವಿರಾಮ:
ಈಗಷ್ಟೇ ಬರೆದೆ, ತೊಗೊಳ್ಳಿ:

'ಗ್ರಂಥಾಲಯದ ಸಮಯವನ್ನು ಸಂಜೆ ಏಳರವರೆಗೆ ವಿಸ್ತರಿಸಿದ ನಂತರ ಅಲ್ಲಿಗೆ ಬರುವವರ ಸಂಖ್ಯೆ ಇಮ್ಮಡಿಯಾಗಿದೆ. ಪುಸ್ತಕದಿಂದ ದೂರವಿದ್ದ ವಿದ್ಯಾರ್ಥಿಗಳೂ ಈಗ ಬಾಗಿಲು ಮುಚ್ಚುವವರೆಗೆ ಅಲ್ಲೇ ಇರುತ್ತಾರೆ. ಓದುವ ಹವ್ಯಾಸ ಮರಳಿ ಬಂದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.'

ಮಾರ್ಜಿನ್:
ಇಮ್ಮಡಿ ಅಂದರೆ ಎಷ್ಟರಿಂದ ಎಷ್ಟಕ್ಕೆ? ಐದು ಜನ ಹತ್ತು ಜನ ಆದರೂ ಇಮ್ಮಡಿಯೇ.

ಚುಕ್ಕಿಟೀಚರ್:
'ಮರಳಿ' ಬಂದಿದೆ ಅಂತೆ. ಮೊದಲು ಇತ್ತು ಅಂತ ಯಾರು ಹೇಳಿದ್ದು?

ಬ್ಯಾಕ್‌ಬೆಂಚ್:
'ಅಲ್ಲೇ ಇರುತ್ತಾರೆ' ಅಂತಿದೆ. 'ಓದುತ್ತಾರೆ' ಅಂತ ಎಲ್ಲೂ ಇಲ್ಲ.

ಅರ್ಧವಿರಾಮ:
ಬ್ಯಾಕ್‌ಬೆಂಚ್‌ಗೆ ಪೂರ್ತಿ ಅಂಕ. ನಾನು ಅಡಗಿಸಿಟ್ಟಿದ್ದು ಅದನ್ನೇ.

ಪ್ರಯೋಗಶಾಲೆ:
ಲೆಕ್ಕ ಹಾಕಿದ್ದು ಪರೀಕ್ಷೆಯ ತಿಂಗಳಾ? ಸಮಯ ವಿಸ್ತರಿಸಿದ 'ನಂತರ' ಅಂದ ಮಾತ್ರಕ್ಕೆ ಅದರಿಂದಲೇ ಆಯಿತು ಅಂತಲ್ಲ.

ತಕರಾರು:
ಒಟ್ಟಿನಲ್ಲಿ ಪ್ಯಾರಾ ಪೂರ್ತಿ ಸುಳ್ಳು. ಮುಗಿಯಿತು.

ಕಾಲಯಾತ್ರಿ:
ಅಲ್ಲಲ್ಲ, ಇಲ್ಲೇ ಜಾರುವುದು. ಸಂಖ್ಯೆ ಇಮ್ಮಡಿಯಾಗಿರುವುದು ನಿಜವೇ ಇರಬಹುದು. ಓದುವ ಹವ್ಯಾಸ ಹೆಚ್ಚಿರುವುದೂ ನಿಜವೇ ಇರಬಹುದು. ಮೊದಲನೆಯದು ಎರಡನೆಯದನ್ನು ಸಾಬೀತು ಮಾಡುವುದಿಲ್ಲ, ನಾವು ಹೇಳಬಹುದಾದದ್ದು ಅಷ್ಟು ಮಾತ್ರ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ಮೇಷ್ಟ್ರ ತರಗತಿಯ 'ಪಕ್ಷಪಾತಿ' ಗುಂಪಿಗೆ ನೀವೂ ಸೇರಿದಿರಿ.

ಸುಮ್ನೆಓದುಗ:
ನಾನು ಬೇಡ ಬೇಡ ಅಂದುಕೊಂಡೇ ಮೂರು ಸಲ ಓದಿದೆ. 'ಬೇರೆ ಸಾಕ್ಷಿ ಬೇಕಿಲ್ಲ' ಅನ್ನುವ ಕಡೆ ದನಿ ಏಕಾಏಕಿ ಜೋರಾಗುತ್ತದೆ. ಸಾಕ್ಷಿ ಇಲ್ಲದ ಕಡೆಯೇ ಹೀಗೆ ಜೋರಾಗೋದು. ಆದರೆ ಕವಿತೆಗೆ ಇದನ್ನು ಮಾಡಬೇಡಿ ಅಂತ ಈಗಲೂ ಹೇಳುತ್ತೇನೆ.

ಪುಸ್ತಕದಕಪಾಟು:
ನಮ್ಮಲ್ಲಿ ಸಂಜೆ ಹೊತ್ತು ಬರುವವರಲ್ಲಿ ಅರ್ಧ ಜನ ಫೋನ್ ಚಾರ್ಜ್ ಮಾಡಲು ಬರುತ್ತಾರೆ. ಪ್ಲಗ್ ಪಾಯಿಂಟ್ ಹತ್ತಿರದ ಕುರ್ಚಿ ಯಾವತ್ತೂ ಖಾಲಿ ಇರುವುದೇ ಇಲ್ಲ.

ಹಳೇಡಸ್ಟರ್:
😂 ಇದನ್ನೂ ತರಗತಿಗೆ ಒಯ್ಯುತ್ತೇನೆ. ಪ್ರಯೋಗಶಾಲೆ ಸರ್, ವಿಜ್ಞಾನದ ಕಡೆಯಿಂದಲೂ ಒಂದು ಸಾಲು ಕೊಡಿ.

ಪ್ರಯೋಗಶಾಲೆ:
ಒಂದೇ ವಾಕ್ಯ: 'ಈ ಮಾತ್ರೆ ತೆಗೆದುಕೊಂಡ 100 ಜನರಲ್ಲಿ 80 ಮಂದಿಗೆ ಹತ್ತು ದಿನದೊಳಗೆ ನೆಗಡಿ ಪೂರ್ತಿ ವಾಸಿಯಾಯಿತು.'

ಬ್ಯಾಕ್‌ಬೆಂಚ್:
ಮಾತ್ರೆ ತೆಗೆದುಕೊಳ್ಳದ 100 ಜನ ಎಲ್ಲಿ ಸರ್? ನೆಗಡಿ ಹತ್ತು ದಿನದಲ್ಲಿ ಹೇಗೂ ತಾನಾಗಿಯೇ ಹೋಗುತ್ತದಲ್ಲ.

ಪ್ರಯೋಗಶಾಲೆ:
ಇಷ್ಟು ಬೇಗ ಹೇಳಿಬಿಟ್ಟಿರಾ! ಮೇಷ್ಟ್ರ ಹುಡುಗರು ಇಲ್ಲಿ ಇಣುಕಿದರೆ ನಾಳೆಯ ಪಾಠ ಹೋಯಿತು. ಮೇಷ್ಟ್ರೇ, ಬೇರೆ ವಾಕ್ಯವನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ.